ಸಾಕ್ಷಿ ಅಂದದ್ದು ಬರೀ 'ಹೂಂ', ವಾಕ್ಯ ಯಾರದ್ದು?

ಕೋರ್ಟಿನ ಸಾಕ್ಷ್ಯದ ಹಾಳೆಗಳನ್ನು ಮೊದಲ ಸಲ ಓದಿದಾಗ ನನಗೆ ವಿಚಿತ್ರ ಅನ್ನಿಸಿದ್ದು, ಅದರಲ್ಲಿ ಪ್ರಶ್ನೆಗಳೇ ಇರಲಿಲ್ಲ. ಬರೀ ಉತ್ತರ. ಅದೂ ಸಾಕ್ಷಿಗಳೆಲ್ಲ ಒಂದೇ ಶಾಲೆಯಲ್ಲಿ ಓದಿದವರ ಹಾಗೆ 'ಸದರಿ ದಿನ, ಸದರಿ ಸ್ಥಳ' ಅಂತ ಮಾತಾಡಿದ್ದರು.

ಇದು ಬೆರಳಚ್ಚುಗಾರರ ತಪ್ಪಲ್ಲ. ಸೆಷನ್ಸ್ ಕೋರ್ಟಿನಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲೇ ಬರೆದುಕೊಳ್ಳಬೇಕು ಅನ್ನುತ್ತದೆ ಕಾನೂನು. ಪ್ರಶ್ನೋತ್ತರವಾಗಿ ದಾಖಲಿಸುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಇದರ ಪರಿಣಾಮ ಗೊತ್ತಾಗುವುದು ಪಾಟೀಸವಾಲಿನಲ್ಲಿ. ಉತ್ತರವನ್ನು ಹೊಟ್ಟೆಯೊಳಗೆ ಇಟ್ಟುಕೊಂಡೇ ಬರುವ ಸೂಚಕ ಪ್ರಶ್ನೆಗಳಿಗೆ ಅಲ್ಲಿ ಅವಕಾಶವಿದೆ (2023ರ ಭಾರತೀಯ ಸಾಕ್ಷ್ಯ ಅಧಿನಿಯಮ, ಕಲಂ 146). ವಕೀಲರು, 'ಆವತ್ತು ಬೀದಿದೀಪ ಇರಲಿಲ್ಲ, ಮುಖ ಸರಿಯಾಗಿ ಕಾಣ್ತಿರಲಿಲ್ಲ, ಅಲ್ವೇನಮ್ಮಾ?' ಅಂತ ಕೇಳಿದರು ಅಂದುಕೊಳ್ಳಿ. ದೀಪದ ಬಗ್ಗೆಯೇ ಯೋಚಿಸುತ್ತಿದ್ದ ಆಕೆ 'ಹೂಂ' ಅಂದಳು. ಹಾಳೆಗೆ ಇಳಿಯುವುದು: 'ಬೀದಿದೀಪ ಇಲ್ಲದ ಕಾರಣ ನನಗೆ ಆರೋಪಿಯ ಮುಖ ಸರಿಯಾಗಿ ಕಾಣಿಸುತ್ತಿರಲಿಲ್ಲ ಎಂದರೆ ಸರಿ.' ಎರಡು ಪ್ರಶ್ನೆ, ಒಂದು ಹೂಂ, ನಡುವೆ ಯಾರೂ ಹೇಳದ ಒಂದು 'ಕಾರಣ'. ಮೇಲ್ಮನವಿಯಲ್ಲಿ ನ್ಯಾಯಮೂರ್ತಿಗಳ ಮುಂದೆ ಇರುವುದು ಆಕೆಯಲ್ಲ, ಈ ಹಾಳೆ.

ಪ್ರಶ್ನೆ ನೆನಪನ್ನೇ ತಿದ್ದಬಲ್ಲದು. 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿ, 50 ಜನರಿಗೆ ಕಾರುಗಳು 'ಅಪ್ಪಳಿಸಿದಾಗ' ವೇಗ ಎಷ್ಟಿತ್ತು ಅಂತ, ಇನ್ನು 50 ಜನರಿಗೆ 'ಹೊಡೆದಾಗ' ಅಂತ ಕೇಳಿದರು. ಉಳಿದವರಿಗೆ ವೇಗದ ಪ್ರಶ್ನೆಯೇ ಇಲ್ಲ. ವಾರದ ನಂತರ, ಗಾಜು ಒಡೆದದ್ದು ನೋಡಿದಿರಾ ಎಂಬ ಪ್ರಶ್ನೆ. 'ಅಪ್ಪಳಿಸಿದ' ಗುಂಪಿನ 16 ಮಂದಿ ಹೌದು ಅಂದರು, 'ಹೊಡೆದ' ಗುಂಪಿನಲ್ಲಿ 7. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಎಂಜಿನಿಯರಿಂಗ್ ಲ್ಯಾಬಿನಲ್ಲಿ ಮೀಟರ್ ಜೋಡಿಸಿದ ಕೂಡಲೇ ಸರ್ಕ್ಯೂಟೇ ಬದಲಾಗುವುದನ್ನು ಕಂಡವನಿಗೆ ಇದು ಅಷ್ಟೇನೂ ಆಶ್ಚರ್ಯವಲ್ಲ.

ಇದರ ಮೇಲೆ ಅನುವಾದದ ಗೋಜಲು. 'ನೀವು ನೋಡಲಿಲ್ಲ ಅಲ್ವಾ?' ಅಂದಾಗ ಕನ್ನಡದ 'ಹೌದು'ಗೆ 'ನೋಡಲಿಲ್ಲ' ಅಂತ ಅರ್ಥ. ಅದನ್ನು ಇಂಗ್ಲಿಷಿನ 'ಯೆಸ್' ಮಾಡಿದರೆ ಎರಡೂ ಕಡೆಗೆ ಎಳೆಯಬಹುದು. ತುಳು, ಲಂಬಾಣಿ ಮಾತಾಡುವವರ ಹೇಳಿಕೆಗೆ ಇನ್ನೂ ಒಂದು ಸುತ್ತು. 2023ರ ಜನವರಿಯಲ್ಲಿ ನಯೀಮ್ ಅಹಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಾಕ್ಷಿ ಆಡಿದ ಭಾಷೆಯಲ್ಲೇ ಸಾಕ್ಷ್ಯ ದಾಖಲಿಸಬೇಕು, ಅದು ಆಗದಿದ್ದರೆ ಮಾತ್ರ ಅನುವಾದ ಎಂದು ನೆನಪಿಸಬೇಕಾಯಿತು.

ಸಾಕ್ಷಿಕಟ್ಟೆ ಹತ್ತುವವರಿಗೆ ಒಂದು ದಾರಿ ಇದೆ. ಬರೆದುಕೊಂಡದ್ದನ್ನು, ಆರೋಪಿ ಅಥವಾ ಅವರ ವಕೀಲರ ಎದುರಲ್ಲಿ, ನಿಮಗೆ ಓದಿ ಹೇಳಬೇಕು. ಭಾಷೆ ತಿಳಿಯದಿದ್ದರೆ ಅರ್ಥ ವಿವರಿಸಬೇಕು. ತಪ್ಪಿದ್ದರೆ ಅಲ್ಲೇ ಹೇಳಿ. ನ್ಯಾಯಾಧೀಶರು ತಿದ್ದದಿದ್ದರೂ ನಿಮ್ಮ ಆಕ್ಷೇಪಣೆಯನ್ನು ಟಿಪ್ಪಣಿಯಾಗಿ ಬರೆದುಕೊಳ್ಳಬಹುದು.