ಹೆಪ್ಪಿನ ಕಡ

ಶಿವಮೊಗ್ಗದ ನಮ್ಮ ಬೀದಿಯಲ್ಲಿ ದೀಪ ಹಚ್ಚಿದ ಮೇಲೆ ಯಾರೂ ಹೆಪ್ಪು ಕೊಡುತ್ತಿರಲಿಲ್ಲ. ಹಾಗಾಗಿ ಮೊಸರು ಕೆಟ್ಟ ದಿನ ಅಮ್ಮ ಹೊತ್ತು ಮುಳುಗುವ ಮುಂಚೆಯೇ ಸಣ್ಣ ಲೋಟ ಕೈಗಿತ್ತು, "ಹೋಗೇ, ಪಕ್ಕದ್ಮನೆ ಅತ್ತೆ ಹತ್ರ ಒಂಚೂರು ಹೆಪ್ಪು ಇಸ್ಕೊಂಡ್ ಬಾ" ಎಂದು ಓಡಿಸುತ್ತಿದ್ದಳು. ಆ ಕಡಕ್ಕೆ ಲೆಕ್ಕ ಇಟ್ಟವರಿಲ್ಲ. ಅವರ ಮನೆಯಲ್ಲಿ ಮೊಸರು ಕೆಟ್ಟಾಗ ಅವರ ಲೋಟ ನಮ್ಮ ಅಡುಗೆಮನೆಗೆ ಬರುತ್ತಿತ್ತು, ಅಷ್ಟೇ. ಒಂದೇ ಬ್ಯಾಕ್ಟೀರಿಯಾ ಸಂತತಿ ಎಂಟು ಹತ್ತು ಮನೆಗಳಲ್ಲಿ ಸುತ್ತಿ ಸುತ್ತಿ ಬದುಕುತ್ತಿತ್ತು ಅನ್ನುವುದು ನನಗೆ ತಿಳಿದದ್ದು ಮೈಕ್ರೋಬಯಾಲಜಿ ಓದಿದ ಮೇಲೆ.

ಇಪ್ಪತ್ತೆಂಟು ವರ್ಷ ಅದೇ ವಿಷಯ ಪಾಠ ಮಾಡಿದೆ. ವಿದ್ಯಾರ್ಥಿಗಳು ಬ್ಯಾಕ್ಟೀರಿಯಾಗಳಿಗೆ ಹೊಸ ಕೆಲಸ ಕಲಿಸಿ ಸ್ಪರ್ಧೆಗೆ ಒಯ್ಯುವ ಐಜೆಮ್ ಬಗ್ಗೆ ಯಾರೇ ಕೇಳಿದರೂ ಪದಕಗಳ ಮಾತಿಗಿಂತ ಮೊದಲು ನನಗೆ ನೆನಪಾಗುವುದು ಅಮ್ಮ ಕೊಡುತ್ತಿದ್ದ ಆ ಲೋಟ.

ಐಜೆಮ್ ಶುರುವಾದದ್ದು 2003ರ ಜನವರಿಯಲ್ಲಿ, ಅಮೆರಿಕದ ಎಂಐಟಿಯಲ್ಲಿ. ಚಳಿಗಾಲದ ಬಿಡುವಿನಲ್ಲಿ ನಡೆದ ಒಂದು ಪುಟ್ಟ ಕೋರ್ಸ್ ಅದು. ಮಿಂಚುಹುಳದ ಹಾಗೆ ಹೊತ್ತಿ ಆರುವ ಜೀವಕೋಶವನ್ನು ವಿನ್ಯಾಸ ಮಾಡಿ ಎಂದು ಹುಡುಗರಿಗೆ ಹೇಳಿದ್ದರು. ಇದರ ಹಿಂದೆ ಇದ್ದವರಲ್ಲಿ ಟಾಮ್ ನೈಟ್ ಹುಟ್ಟು ಜೀವಶಾಸ್ತ್ರಜ್ಞರಲ್ಲ, ಕಂಪ್ಯೂಟರ್ ಕಟ್ಟುತ್ತಿದ್ದ ಎಂಜಿನಿಯರ್. ನಡುವಯಸ್ಸಿನಲ್ಲಿ ಜೀವಶಾಸ್ತ್ರ ಕಲಿತು, ಕಂಪ್ಯೂಟರ್ ವಿಭಾಗದ ಒಳಗೇ ಬ್ಯಾಕ್ಟೀರಿಯಾ ಬೆಳೆಸುವ ಲ್ಯಾಬ್ ಹೂಡಿದವರು. ಡ್ರೂ ಎಂಡಿ, ರ್‍ಯಾಂಡಿ ರೆಟ್‌ಬರ್ಗ್ ಜೊತೆಗಿದ್ದರು. 2004ರ ಬೇಸಿಗೆಯಲ್ಲಿ ಐದು ವಿಶ್ವವಿದ್ಯಾಲಯಗಳು ಸೇರಿ ಅದು ಸ್ಪರ್ಧೆಯಾಯಿತು. ಮರುವರ್ಷ 13 ತಂಡ ಬಂದವು, ಅವುಗಳಲ್ಲಿ ಹೊರದೇಶದವೂ ಇದ್ದವು. ಗೆದ್ದವರಿಗೆ ಲೋಹದ ಲೆಗೋ ಇಟ್ಟಿಗೆಯೇ ಪಾರಿತೋಷಕ.

ಇಟ್ಟಿಗೆ ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಡೀ ಚರಿತ್ರೆ ನಿಂತಿರುವುದು ಅದರ ಮೇಲೆ. ಅದಕ್ಕೆ ಮುಂಚೆ ಜೀನ್ ತುಂಡುಗಳನ್ನು ಜೋಡಿಸುವ ಕೆಲಸ ಒಬ್ಬೊಬ್ಬರದು ಒಂದೊಂದು ಥರ ಇತ್ತು. ಒಬ್ಬರ ತುಂಡು ಇನ್ನೊಬ್ಬರ ತುಂಡಿಗೆ ಕೂರುತ್ತಿರಲಿಲ್ಲ. ನೈಟ್ ಒಂದು ಕಟ್ಟು ಹಾಕಿದರು: ತುಂಡು ಯಾವುದೇ ಇರಲಿ, ಅದರ ಮುಂತುದಿಯಲ್ಲಿ ಇಕೋಆರ್‌ಐ, ಎಕ್ಸ್‌ಬಿಎಐ ಎಂಬ ಕಿಣ್ವಗಳು ಕತ್ತರಿಸುವ ಜಾಗ ಇರಬೇಕು, ಹಿಂತುದಿಯಲ್ಲಿ ಎಸ್‌ಪಿಇಐ, ಪಿಎಸ್‌ಟಿಐ ಕತ್ತರಿಸುವ ಜಾಗ. ಜಾಣತನ ಇರುವುದು ನಡುವಿನ ಎರಡರಲ್ಲಿ. ಎಕ್ಸ್‌ಬಿಎಐ ಕತ್ತರಿಸಿದ ಅಂಚೂ ಎಸ್‌ಪಿಇಐ ಕತ್ತರಿಸಿದ ಅಂಚೂ ಒಂದಕ್ಕೊಂದು ಕೂಡುತ್ತವೆ. ಕೂಡಿದ ಮೇಲೆ ಆ ಬೆಸುಗೆಯನ್ನು ಎರಡು ಕಿಣ್ವಗಳೂ ಮತ್ತೆ ಕತ್ತರಿಸಲಾರವು. ಹೀಗೆ ಎರಡು ತುಂಡು ಸೇರಿ ಒಂದಾದಾಗಲೂ ಹೊರತುದಿಗಳು ಮೊದಲಿನಂತೆಯೇ ಉಳಿಯುತ್ತವೆ, ಅದಕ್ಕೆ ಮೂರನೆಯದನ್ನು ಸೇರಿಸಬಹುದು, ನಾಲ್ಕನೆಯದನ್ನೂ. ನಾನು ಇದನ್ನು ಬೋರ್ಡಿನ ಮೇಲೆ ಎರಡು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ ದಿನ ತರಗತಿ ಪಿಸುಗುಡುವುದನ್ನು ನಿಲ್ಲಿಸಿತ್ತು.

ತುಂಡುಗಳೆಲ್ಲ ಒಂದು ರಿಜಿಸ್ಟ್ರಿಯಲ್ಲಿ ಸೇರುತ್ತವೆ. ಪ್ರತಿಯೊಂದಕ್ಕೂ ಒಂದು ನಂಬರು. ಸ್ಪರ್ಧೆಗೆ ಹೆಸರು ಕೊಟ್ಟ ತಂಡಕ್ಕೆ ಡಿಎನ್‌ಎಯನ್ನು ಒಣಗಿಸಿಟ್ಟ ಪ್ಲೇಟು ಬರುತ್ತದೆ. 384 ಗುಳಿಗಳಿರುವ ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟು ಅದು. ಗುಳಿಗೆ ಹತ್ತು ಮೈಕ್ರೋಲೀಟರ್ ನೀರು ಹಾಕಿದರೆ ತಳದ ಬಣ್ಣ ಕರಗಿ ಕೆಂಪಾಗುತ್ತದೆ, ಡಿಎನ್‌ಎ ನೀರಿಗೆ ಬಂದಿದೆ ಎಂದು ಕಣ್ಣಿಗೆ ಗೊತ್ತಾಗಲಿ ಅಂತ. ಬೇಕಾದ್ದನ್ನು ತೆಗೆದುಕೊಳ್ಳಿ, ನೀವು ಹೊಸದಾಗಿ ಮಾಡಿದ ತುಂಡನ್ನು ವರ್ಷದ ಕೊನೆಗೆ ವಾಪಸು ಕಳಿಸಿ. ಬಹಳ ವರ್ಷ ಇದ್ದ ನಿಯಮ ಇಷ್ಟೇ. ನಮ್ಮ ಬೀದಿಯ ಲೋಟಕ್ಕೂ ಇದ್ದದ್ದು ಇದೇ ನಿಯಮ.

ಮೊದಲ ವರ್ಷಗಳಲ್ಲಿ ಮಕ್ಕಳು ಕೈಹಾಕಿದ ಕೆಲಸ ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಆಸ್ಟಿನ್‌ನ ತಂಡ ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರ ಜೊತೆ ಸೇರಿ ಇ. ಕೋಲೈಗೆ ಬೆಳಕು ಕಾಣಿಸಿತು. ಕರುಳಿನ ಕತ್ತಲಲ್ಲಿ ಬದುಕುವ ಜೀವಿ ಅದು, ಬೆಳಕಿನ ಗೊಡವೆ ಅದಕ್ಕಿಲ್ಲ. ಸೈನೆಕೋಸಿಸ್ಟಿಸ್ ಎಂಬ ನೀಲಿಹಸಿರು ಬ್ಯಾಕ್ಟೀರಿಯಾದಿಂದ ಬೆಳಕು ಗ್ರಹಿಸುವ ಪ್ರೊಟೀನಿನ ಜೀನ್ ತಂದು ಹಾಕಿದರು. ಕತ್ತಲಿದ್ದಲ್ಲಿ ಬ್ಯಾಕ್ಟೀರಿಯಾ ಕಪ್ಪು ಬಣ್ಣ ಮಾಡಿತು, ಬೆಳಕು ಬಿದ್ದಲ್ಲಿ ಸುಮ್ಮನಿತ್ತು. ಗಂಟೆಗಟ್ಟಲೆ ಬೆಳಕಿಗಿಟ್ಟ ಪ್ಲೇಟಿನ ಮೇಲೆ ಅಕ್ಷರ ಮೂಡಿತು, ಫೋಟೋ ಮೂಡಿತು. 2005ರ ನವೆಂಬರಿನಲ್ಲಿ ಅದು ನೇಚರ್ ಪತ್ರಿಕೆಯಲ್ಲಿ ಅಚ್ಚಾಯಿತು.

2006ರ ಎಂಐಟಿ ಮಕ್ಕಳದು ವಾಸನೆಯ ಕೆಲಸ. ಇ. ಕೋಲೈ ಬೆಳೆಸಿದ ಇನ್‌ಕ್ಯುಬೇಟರ್ ಬಾಗಿಲು ತೆರೆದವರಿಗೆ ಗೊತ್ತು, ಅದರ ನಾತ ಸೀರೆಯ ಸೆರಗಿನಲ್ಲಿ ಮನೆಯ ತನಕ ಬರುತ್ತದೆ. ಅದಕ್ಕೆ ಕಾರಣ ಇಂಡೋಲ್. ಅವರು ಮೊದಲು ಇಂಡೋಲ್ ಮಾಡಲಾರದ ತಳಿ ಆರಿಸಿಕೊಂಡರು. ಪೆಟೂನಿಯಾ ಹೂವಿನ ಒಂದು ಜೀನ್, ಯೀಸ್ಟಿನ ಒಂದು ಜೀನ್ ಸೇರಿಸಿದರು. ಬೆಳೆಯುವ ಹಂತದಲ್ಲಿ ವಿಂಟರ್‌ಗ್ರೀನ್ ಎಣ್ಣೆಯ, ಅಂದರೆ ನಮ್ಮ ನೋವಿನ ಮುಲಾಮಿನ ವಾಸನೆ. ಬೆಳವಣಿಗೆ ನಿಂತ ಮೇಲೆ ಬಾಳೆಹಣ್ಣಿನ ವಾಸನೆ. ಮೂಸಿದರೆ ಕಲ್ಚರ್ ಯಾವ ಹಂತದಲ್ಲಿದೆ ಎಂದು ತಿಳಿಯುತ್ತಿತ್ತು!

ಅದೇ ವರ್ಷ ಎಡಿನ್‌ಬರೋ ತಂಡ ಬಾಂಗ್ಲಾದೇಶದ ಕೊಳವೆಬಾವಿಗಳ ಆರ್ಸೆನಿಕ್ ವಿಷವನ್ನು ಕೈಗೆತ್ತಿಕೊಂಡಿತು. ಆರ್ಸೆನಿಕ್ ಸಿಕ್ಕರೆ ಬ್ಯಾಕ್ಟೀರಿಯಾ ಹುಳಿ ಬಿಡಬೇಕು, ಹುಳಿಗೆ ಸೂಚಕದ ಬಣ್ಣ ಬದಲಾಗಬೇಕು. ದುಬಾರಿ ಯಂತ್ರ ಬೇಡ, ಕಣ್ಣೇ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅದಕ್ಕಿಂತ ಕಡಿಮೆ ಇದ್ದರೂ ಅದು ಗುರುತಿಸಿತು. ನಮ್ಮ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಜನ ಇಂಥದೇ ನೀರು ಕುಡಿದು ಚರ್ಮದ ಮೇಲೆ ಗಂಟು ಕಟ್ಟಿಕೊಂಡವರು. ಹಳೆಯ ಚಿನ್ನದ ಗಣಿಯ ಬಂಡೆಯಿಂದ ಬಂದ ವಿಷ ಅದು. ಮಕ್ಕಳ ಪ್ರಾಜೆಕ್ಟು ಎಂದು ಹಗುರಾಗಿ ಮಾತಾಡುವವರಿಗೆ ನಾನು ಹೇಳುವುದು ಈ ಒಂದು ಉದಾಹರಣೆ. ಕುಲಾಂತರಿ ಜೀವಿಯನ್ನು ಲ್ಯಾಬಿನಿಂದ ಹೊರಗೆ ಒಯ್ಯಲು ಇರುವ ಕಾನೂನಿನ ಬಿಗಿಯಿಂದ ಆ ಪರೀಕ್ಷೆ ವರ್ಷಗಟ್ಟಲೆ ಬಾವಿಯ ತನಕ ಹೋಗಲಿಲ್ಲ. ಕಾನೂನು ಬೇಕು, ಒಪ್ಪುತ್ತೇನೆ. ಆದರೂ ಸಂಕಟವಾಗುತ್ತದೆ.

ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯ ತಂಡ 2006ರಲ್ಲೇ ಸ್ಪರ್ಧೆಗೆ ಹೋಗಿತ್ತು. ನನ್ನ ಮನಸ್ಸಿಗೆ ಹತ್ತಿರವಾದದ್ದು ಮಾತ್ರ 2009ರ ತಂಡ, ಯಲಹಂಕದ ಸೃಷ್ಟಿ ಕಲಾಶಾಲೆಯದು. ಕಲಾವಿದ ಯಶಸ್ ಶೆಟ್ಟಿ ಅವರ ಜೊತೆ ಹೊರಟ ಮಕ್ಕಳು ವಿಜ್ಞಾನದವರಲ್ಲ, ಚಿತ್ರ, ವಿನ್ಯಾಸ ಕಲಿಯುತ್ತಿದ್ದವರು. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯನ್ನು ಇ. ಕೋಲೈ ಕೈಯಲ್ಲಿ ಮಾಡಿಸುತ್ತೇವೆಂದರು. ಆ ವಾಸನೆಯ ಮುಖ್ಯ ಭಾಗ ಜಿಯೋಸ್ಮಿನ್, ಮಣ್ಣಿನ ಸ್ಟ್ರೆಪ್ಟೋಮೈಸಿಸ್ ಬ್ಯಾಕ್ಟೀರಿಯಾಗಳು ಮಾಡುವಂಥದ್ದು. ಕನೌಜಿನ ಅತ್ತರಿನವರು ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಹಂಡೆಯಲ್ಲಿ ಬೇಯಿಸಿ ಅದರ ಆವಿಯನ್ನು ಶ್ರೀಗಂಧದ ಎಣ್ಣೆಯಲ್ಲಿ ಹಿಡಿದು ಈ ವಾಸನೆಯನ್ನು ಎಷ್ಟೋ ಕಾಲದಿಂದ ಮಾರುತ್ತಿದ್ದಾರೆ. 1964ರಲ್ಲಿ ಆಸ್ಟ್ರೇಲಿಯಾದ ಬೇರ್ ಮತ್ತು ಥಾಮಸ್ ಅದಕ್ಕೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಯಲಹಂಕದ ಮಕ್ಕಳು ಜಿಯೋಸ್ಮಿನ್ ಮಾಡುವ ಜೀನ್ ಹಿಡಿಯಲು ಹೋದರು. ಅದೇ ವರ್ಷ ದೊಡ್ಡ ಬಹುಮಾನ ಗೆದ್ದದ್ದು ಬಣ್ಣ ಬಣ್ಣದ ಬ್ಯಾಕ್ಟೀರಿಯಾ ಮಾಡಿದ ಕೇಂಬ್ರಿಡ್ಜ್. ನನ್ನನ್ನು ಕೇಳಿದರೆ, ಮಳೆಯ ವಾಸನೆ ಹುಡುಕಿಕೊಂಡು ಹೋದವರದೇ ಮೇಲು.

ನನ್ನ ಕಾಲೇಜಿನ ಮೂವರು ಮಕ್ಕಳು ಒಂದು ವರ್ಷ, "ಮೇಡಂ, ನಾವೂ ಹೋಗೋಣ" ಎಂದು ಬಂದರು. ನೋಂದಣಿಗೇ ಸಾವಿರಾರು ಡಾಲರ್, ಪ್ರಯಾಣ ಬೇರೆ. ಆಗುವ ಮಾತಲ್ಲ. ಹೋಗದಿದ್ದರೆ ಏನು, ಲ್ಯಾಬಿನಲ್ಲೇ ಒಂದು ತುಂಡು ಕೂಡಿಸಿ ನೋಡೋಣ ಎಂದೆ. ಬೆಂಗಳೂರಿನ ಗೆಳತಿ ಕೆಂಪು ಬಣ್ಣ ಮಾಡುವ ಜೆ04450 ತುಂಡನ್ನು ಹೊತ್ತ ಡಿಎನ್‌ಎ ಬಳೆ ಪ್ಲಾಸ್ಮಿಡ್ಡನ್ನೂ, ಅದನ್ನು ಒಳಗೆ ಬಿಟ್ಟುಕೊಳ್ಳಲು ಸಿದ್ಧಮಾಡಿದ ಜೀವಕೋಶಗಳನ್ನೂ ಥರ್ಮಾಕೋಲ್ ಡಬ್ಬಿಯಲ್ಲಿ ರಾತ್ರಿ ಬಸ್ಸಿಗೆ ಹಾಕಿದಳು. ಬೆಳಿಗ್ಗೆ ಡಬ್ಬಿಯಲ್ಲಿ ಐಸು ಕರಗಿ ಬರೀ ನೀರಾಗಿತ್ತು. ಪ್ಲಾಸ್ಮಿಡ್ ಗಟ್ಟಿ ಜೀವ, ಉಳಿಯಿತು. ಜೀವಕೋಶಗಳು ಹೋದವು. ಪ್ಲೇಟುಗಳೆಲ್ಲ ಖಾಲಿ.

ಕೊನೆಗೆ ನಮ್ಮದೇ ಇ. ಕೋಲೈಯನ್ನು ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ನೆನೆಸಿ ಅಣಿಮಾಡಿದೆವು. ಐಸಿನಲ್ಲಿ ಅರ್ಧ ಗಂಟೆ, 42 ಡಿಗ್ರಿ ನೀರಿನಲ್ಲಿ 45 ಸೆಕೆಂಡ್, ಮತ್ತೆ ಐಸಿಗೆ. ಸೆಕೆಂಡ್ ಎಣಿಸಿದ್ದು ನನ್ನ ಕೈಗಡಿಯಾರದಲ್ಲಿ. ಮಾರನೆಯ ದಿನ ಸಾಸಿವೆಕಾಳಿಗಿಂತ ಸಣ್ಣ ಹನ್ನೊಂದು ಕಾಲೊನಿ ಎದ್ದಿದ್ದವು, ಬಿಳಿಚಿಕೊಂಡು. ಸಂಜೆಯ ಹೊತ್ತಿಗೆ ಒಂದೊಂದೇ ದಾಳಿಂಬೆ ಬಣ್ಣಕ್ಕೆ ತಿರುಗಿದವು. ಒಬ್ಬ ಹುಡುಗಿ ಅತ್ತೇಬಿಟ್ಟಳು. ಅದರಲ್ಲೊಂದು ಕಾಲೊನಿಯಿಂದ ಪ್ಲಾಸ್ಮಿಡ್ ತೆಗೆದು ಪಕ್ಕದ ಜಿಲ್ಲೆಯ ಇನ್ನೊಂದು ಕಾಲೇಜಿಗೆ ಕೊಟ್ಟೆವು. ಉಳಿದದ್ದನ್ನೆಲ್ಲ ಆಟೋಕ್ಲೇವ್ ಮಾಡಿ ಚೆಲ್ಲಿದೆವು.

ರಿಜಿಸ್ಟ್ರಿಯಲ್ಲಿ ಈಗ 20,000ಕ್ಕೂ ಹೆಚ್ಚು ತುಂಡುಗಳಿವೆ. ಎಲ್ಲವೂ ಚೆನ್ನಾಗಿಲ್ಲ. ಗಡುವಿನ ಅವಸರದಲ್ಲಿ, ಕೆಲಸ ಮಾಡುತ್ತದೋ ಇಲ್ಲವೋ ಬರೆಯದೆ ಕಳಿಸಿದವು ಬಹಳ ಇವೆ. ಹುಳಿ ಹೋದ ಹೆಪ್ಪು ಕೊಟ್ಟ ಹಾಗೆ ಅದು, ತಪ್ಪು. ಆದರೆ ಸ್ಪರ್ಧೆಗೆ ಬಂದ ತಂಡಗಳೆಲ್ಲ ತಮ್ಮ ವರ್ಷದ ಕೆಲಸವನ್ನು ಅಂತರ್ಜಾಲದ ಪುಟದಲ್ಲಿ ಬರೆದಿಡಬೇಕು, ಗಡುವು ಮುಗಿದ ಮೇಲೆ ಆ ಪುಟಕ್ಕೆ ಬೀಗ. 2006ರ ಮಕ್ಕಳು ಯಾವ ದಿನ ಯಾವ ಪ್ಲೇಟು ಕೆಡಿಸಿಕೊಂಡರು ಅನ್ನುವುದನ್ನೂ ಈವತ್ತಿನ ಮಕ್ಕಳು ಓದಬಹುದು. ನನ್ನ ಕಣ್ಣಿಗೆ ಪಾರಿತೋಷಕಕ್ಕಿಂತ ದೊಡ್ಡದು ಅದು.

ನಮ್ಮಲ್ಲಿ ಹಾಗಾಗಲಿಲ್ಲ. ತಪಾಸಣೆಯ ತಂಡ ಬರುತ್ತದೆ, ಲ್ಯಾಬ್ ಚೊಕ್ಕಟ ಕಾಣಬೇಕು ಎಂದು ವಿಭಾಗದ ಇಪ್ಪತ್ತು ವರ್ಷದ ಲ್ಯಾಬ್ ಪುಸ್ತಕಗಳನ್ನು ಒಂದೇ ಮಧ್ಯಾಹ್ನ ರದ್ದಿಗೆ ಹಾಕಿದರು. ಆ ಹನ್ನೊಂದು ಕಾಲೊನಿಗಳ ಲೆಕ್ಕವೂ, ಖಾಲಿ ಪ್ಲೇಟುಗಳ ಲೆಕ್ಕವೂ ಅದರಲ್ಲಿತ್ತು. ನಾನು ರಜೆಯಲ್ಲಿದ್ದೆ. ಲ್ಯಾಬ್ ನಡೆಸುವ ಮೇಷ್ಟ್ರುಗಳೇ, ಮೇಡಂಗಳೇ, ನಿಮ್ಮ ಕಪಾಟಿನಲ್ಲಿ ಮಕ್ಕಳು ಬರೆದ ಹಳೆಯ ಪುಸ್ತಕಗಳಿದ್ದರೆ ತೂಕಕ್ಕೆ ಹಾಕಬೇಡಿ. ಮುಂದಿನ ವರ್ಷ ಕೇಳಿಕೊಂಡು ಬರುವ ಮಕ್ಕಳ ಕೈಗೆ ಕೊಡಿ.