ಕಾರು ತೊಳೆಯುವ ಪಂಪು (ಮನೆಬಳಕೆ)
ಮನೆಯಲ್ಲಿ ಕಾರು ತೊಳೆಯುವ ಪ್ರೆಷರ್ ಪಂಪಿನಲ್ಲಿ ಮೋಟರು ಓರೆತಟ್ಟೆಯೊಂದನ್ನು ತಿರುಗಿಸುತ್ತದೆ. ಅದು ಸಾಮಾನ್ಯವಾಗಿ 3 ಪಿಸ್ಟನ್‌ಗಳನ್ನು ಹಿಂದೆಮುಂದೆ ಆಡಿಸಿ ನೀರಿನ ಒತ್ತಡವನ್ನು ಸುಮಾರು 100 ಬಾರ್‌ಗೆ ಏರಿಸುತ್ತದೆ. ಒತ್ತಡ ಕುಗ್ಗಿದರೆ ಪಂಪು ಬಿಚ್ಚುವ ಆತುರ ಬೇಡ, ಮೊದಲು ನೀರು ಒಳಬರುವ ದಾರಿ ನೋಡಬೇಕು. ಜಾಲರಿಯಲ್ಲಿ ಮರಳು ಕಟ್ಟಿರಬಹುದು, ಪೈಪು ಮಡಚಿರಬಹುದು, ಸಡಿಲ ಜೋಡಣೆಯಿಂದ ಗಾಳಿ ಸೇರಿರಬಹುದು. ಗಾಳಿ ಸೇರಿದರೆ ಧಾರೆ ಬಿಟ್ಟುಬಿಟ್ಟು ಚಿಮ್ಮುತ್ತದೆ. ಮೋಟರು ನಿಲ್ಲಿಸಿ, ನಲ್ಲಿ ತೆರೆದು, ಗನ್ನಿನ ಟ್ರಿಗರ್ ಒತ್ತಿ ಹಿಡಿದರೆ ಗುಳ್ಳೆಗಳು ಹೊರಬೀಳುತ್ತವೆ. ಟ್ರಿಗರ್ ಬಿಟ್ಟ ಮೇಲೂ ಮೋಟರು ಆಗಾಗ ತಾನೇ ಚಾಲೂ ಆಗುವುದು ಸೋರಿಕೆಯ ಅಥವಾ ಸವೆದ ವಾಲ್ವಿನ ಲಕ್ಷಣ. ಗುಂಯ್‌ಗುಟ್ಟಿಯೂ ತಿರುಗದಿದ್ದರೆ ಕೆಪಾಸಿಟರ್ ಅಥವಾ ಕಡಿಮೆ ವೋಲ್ಟೇಜಿನ ಮೇಲೆ ಅನುಮಾನ. ನೀರಿಲ್ಲದೆ ಓಡಿಸಿದರೆ ಸೀಲುಗಳು ಬೇಗ ಹಾಳಾಗುತ್ತವೆ. ಬೋರ್‌ವೆಲ್ಲಿನ ಗಡಸು ನೀರಿನಿಂದ ನಾಝಲ್‌ನಲ್ಲಿ ಸುಣ್ಣ ಕಟ್ಟಿದರೆ, ನಾಝಲ್ ಕಳಚಿ ಸೂಜಿಯಿಂದ ತೆಗೆಯಬಹುದು. ಕೆಲಸ ಮುಗಿದಮೇಲೆ ಉಳಿದ ಒತ್ತಡ ಬಿಟ್ಟು, ನೀರು ಬಸಿದು ಇಡಬೇಕು.