ಘಟ್ಟದ ಸೀಮೆಗೆ ಹೋದ ಒಕ್ಕಲುಗಳು

ಕನಕಪುರದಿಂದ ಮಳವಳ್ಳಿಗೆ ಹೋಗುವ ಹೆದ್ದಾರಿಯ ಮೇಲೆ ಸಾತನೂರು ಇದೆ. ಚನ್ನಪಟ್ಟಣದ ಕಡೆಯಿಂದ ಬರುವ ದಾರಿಯೂ ಇಲ್ಲಿಗೆ ಕೂಡುತ್ತದೆ. ಸಮೀಪದಲ್ಲಿ ಕಬ್ಬಾಳದುರ್ಗ, ತೆಂಕಣಕ್ಕೆ ಅರ್ಕಾವತಿಯು ಕಾವೇರಿಯೊಡನೆ ಬೆರೆಯುವ ಸಂಗಮ. ಕಲ್ಲುಗುಡ್ಡಗಳ ನಡುವಣ ಕೆಂಪು ನೆಲ, ರಾಗಿಯ ಬೆಳೆ, ಮಳೆಯನ್ನೇ ನಂಬಿದ ಬಾಳು, ಇವು ಈ ನಾಡಿನ ಹಳೆಯ ಲಕ್ಷಣಗಳು. ಇಂತಹ ಬಯಲುಸೀಮೆಯ ಊರುಗಳಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಅನೇಕ ಒಕ್ಕಲು ಮನೆತನಗಳು ಪಡುವಣ ಮಲೆನಾಡಿಗೂ ಕೊಡಗಿಗೂ ವಲಸೆ ಹೋದವು. ಹೋದವರ ಹೆಸರುಗಳನ್ನು ಒಂದೆಡೆ ಬರೆದಿಟ್ಟ ಗ್ರಂಥವಿಲ್ಲ. ಆದರೂ ಅವರ ಹೆಜ್ಜೆಗಳು ಅಳಿದುಹೋಗಿಲ್ಲ. ಸರ್ಕಾರದ ಲೆಕ್ಕ, ಮನುಷ್ಯರ ಹೆಸರು, ಹೆಳವರ ಬಾಯಿ, ಮನೆದೇವರ ಹರಕೆ ಎಂಬ ನಾಲ್ಕು ಎಡೆಗಳಲ್ಲಿ ಅವು ಚೆದುರಿ ಉಳಿದಿವೆ. ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ಓದುವುದು ಹೇಗೆಂಬುದೇ ಇಲ್ಲಿಯ ವಿಚಾರ.

ಊರು ಬಿಡುವ ಕಷ್ಟ ಈ ಸೀಮೆಗೆ ಆ ಶತಮಾನದಲ್ಲಿ ಹೊಸದಾಗಿ ಬಂದುದಲ್ಲ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಸೇನೆ ನಡೆಯುವ ದಾರಿಗಳಲ್ಲಿ ಕಂಕಾನಹಳ್ಳಿಯ ದಾರಿಯೂ ಒಂದು. ೧೭೯೧ರಲ್ಲಿ ಕಾರ್ನ್‌ವಾಲಿಸನ ದಂಡು ಈ ದಾರಿ ಹಿಡಿದಾಗ, ಶತ್ರುವಿಗೆ ಹುಲ್ಲು ಕಾಳು ದೊರೆಯಬಾರದೆಂದು ಟಿಪ್ಪು ಸುಲ್ತಾನನು ದಾರಿಯ ಸೀಮೆಯನ್ನೇ ಬರಿದುಮಾಡಿಸಿದನು. ೧೭೯೯ರಲ್ಲಿ ಹ್ಯಾರಿಸನ ಸೇನೆ ಇದೇ ಕಡೆಯಿಂದ ಸಾಗಿ ಮಾರ್ಚ್ ೨೭ರಂದು ಮಳವಳ್ಳಿಯ ಬಳಿ ಕಾದಿತು. ಮರುವರ್ಷ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ೧೮೦೭ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಯುದ್ಧದಿಂದ ಪಾಳುಬಿದ್ದ ಹಳ್ಳಿಗಳ ಸಂಗತಿಯನ್ನು ಮತ್ತೆ ಮತ್ತೆ ಹೇಳಿದ್ದಾನೆ. ಜನವಸತಿಯಿಲ್ಲದ ಇಂತಹ ಗ್ರಾಮಕ್ಕೆ ಕಂದಾಯದ ಲೆಕ್ಕದಲ್ಲಿ ‘ಬೇಚಿರಾಕ್’ ಎಂಬ ಹೆಸರಿದೆ. ಇದು ಪಾರಸಿಯ ಮಾತು. ದೀಪವಿಲ್ಲದ್ದು ಎಂಬುದೇ ಅದರ ಅರ್ಥ. ಊರೆಂದರೆ ಗಡಿಕಲ್ಲುಗಳ ನಡುವಣ ನೆಲವಲ್ಲ, ಸಂಜೆ ದೀಪ ಹಚ್ಚುವ ಮನೆಗಳು ಎಂಬ ತಿಳಿವಳಿಕೆ ಈ ಒಣ ಲೆಕ್ಕದ ಮಾತಿನಲ್ಲಿಯೇ ಅಡಗಿದೆ.

ಯುದ್ಧದಿಂದ ಚೆದುರಿದವರಲ್ಲಿ ಅನೇಕರು ಶಾಂತಿ ನೆಲಸಿದ ಮೇಲೆ ಹಿಂದಿರುಗಿದರು. ಹಿಂದಿರುಗಲಾರದಂತೆ ಜನವನ್ನು ಕಿತ್ತದ್ದು ಬರ. ೧೮೭೫ರಲ್ಲಿ ಮಳೆ ಕೈಕೊಟ್ಟಿತು. ೧೮೭೬ರಲ್ಲಿ ಪೂರ್ತಿಯಾಗಿ ತಪ್ಪಿತು. ಧಾತು, ಈಶ್ವರ ಸಂವತ್ಸರಗಳ ಹೆಸರಿನಲ್ಲಿ ಹಳಬರು ನೆನೆಯುತ್ತಿದ್ದ ೧೮೭೬–೭೮ರ ಮಹಾಕ್ಷಾಮವಿದು. ಆಗ ಮೈಸೂರು ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯಲ್ಲಿತ್ತು. ೧೮೭೧ರ ಜನಗಣತಿಯಲ್ಲಿ ೫೦,೫೫,೪೧೨ ಇದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ೮,೬೯,೨೨೪ ಜನ ಕಡಿಮೆಯಾದರು. ಸಹಜವಾಗಿ ಏರಬೇಕಾಗಿದ್ದ ಸಂಖ್ಯೆಯನ್ನೂ ಸೇರಿಸಿ ಎಣಿಸಿದರೆ ನಷ್ಟ ಇನ್ನೂ ದೊಡ್ಡದು. ಕ್ಷಾಮ ಪರಿಹಾರದ ಕೆಲಸವಾಗಿ ಕೈಗೊಂಡ ಬೆಂಗಳೂರು–ಮೈಸೂರು ರೈಲುದಾರಿಯು ೧೮೮೨ರಲ್ಲಿ ಮೈಸೂರನ್ನು ಮುಟ್ಟಿದಾಗ, ಅದರ ಮಣ್ಣು ಹೊತ್ತ ಜಿಲ್ಲೆಗಳ ಎಷ್ಟೋ ಮನೆಗಳ ಬಾಗಿಲು ಮುಚ್ಚಿಹೋಗಿತ್ತು.

ಈ ಅಂಕಿಯ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ಜಿಜ್ಞಾಸುಗಳು ಗಮನಿಸಬೇಕು. ಎಂಟು ಲಕ್ಷ ಅರುವತ್ತೊಂಬತ್ತು ಸಾವಿರವೆಂಬ ಇಳಿತದಲ್ಲಿ ಸತ್ತವರೂ ಇದ್ದಾರೆ, ಸಂಸ್ಥಾನದ ಗಡಿ ದಾಟಿ ಹೋದವರೂ ಇದ್ದಾರೆ. ಸತ್ತವರ ಪಾಲೇ ಬಹುದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗಣತಿಯ ಪಟ್ಟಿಯಲ್ಲಿ ಇಬ್ಬರೂ ಒಂದೇ ಶೂನ್ಯ. ಊರಿನ ನೆನಪಿನಲ್ಲಿಯೂ ಹೀಗೆಯೇ ಆಯಿತು. ಹೋದವರು ಹಿಂದಿರುಗದಿದ್ದಾಗ ‘ಆ ಮನೆ ಧಾತು ಬರದಲ್ಲಿ ಹಾಳಾಯಿತು’ ಎಂದು ಉಳಿದವರು ಹೇಳಿಕೊಂಡರು. ಹಾಳಾಯಿತೆಂದು ಊರು ನಂಬಿದ ಮನೆತನ ಮತ್ತೊಂದು ಸೀಮೆಯಲ್ಲಿ ಬೇರು ಬಿಟ್ಟಿರಬಹುದು. ಅಳಿದವರನ್ನೂ ಹೋದವರನ್ನೂ ಬೇರೆ ಬೇರೆ ಮಾಡಿ ಗುರುತಿಸುವುದು ಯಾವ ಗಣತಿಯಿಂದಲೂ ಆಗದು; ಒಂದೊಂದು ಮನೆತನದ ಜಾಡನ್ನು ಹಿಡಿದು ನಡೆದಾಗಲೇ ಆದೀತು. ಈ ಶೋಧದ ನಿಜವಾದ ಪ್ರಯೋಜನ ಇದೇ.

ಹೋದವರು ಪಡುವಣಕ್ಕೇ ಏಕೆ ಹೋದರು? ಪಶ್ಚಿಮದ ಮಳೆ ನಾಡುಗಳಿಗೆ ಬರದ ಹೊಡೆತ ಬಯಲಿಗೆ ತಗಲಿದಷ್ಟು ತಗಲಲಿಲ್ಲವೆಂಬುದು ಮೊದಲ ಕಾರಣ. ಕಾಫಿಯ ಬೆಳೆ ಎರಡನೆಯದು. ಮಂಜರಾಬಾದಿನಲ್ಲಿ ೧೮೪೩ರ ಸುಮಾರಿಗೆ ಐರೋಪ್ಯರ ತೋಟ ತಲೆಯೆತ್ತಿತು. ೧೮೩೪ರಲ್ಲಿ ಹಾಲೇರಿ ಅರಸರ ಆಳ್ವಿಕೆ ಮುಗಿದು ಬ್ರಿಟಿಷರ ಕೈಸೇರಿದ ಕೊಡಗಿನಲ್ಲಿ, ೧೮೫೪ರಲ್ಲಿ ಮಡಿಕೇರಿಯ ಬಳಿ ಅವರ ಮೊದಲ ತೋಟವಾಯಿತು. ಕಾಡು ಕಡಿಯಲು, ಗುಂಡಿ ತೋಡಲು, ಹಣ್ಣು ಕೊಯ್ಯಲು ಬಯಲುಸೀಮೆಯ ಕೈಗಳು ಬೇಕಾದವು. ಮೇಸ್ತ್ರಿಗಳು ಮುಂಗಡ ಹಣ ಹಿಡಿದು ಹಳ್ಳಿಗಳಿಗೆ ಬಂದರು. ರಾಗಿ ಕೊಯ್ದು ಕಣ ಮುಗಿಸಿ ಘಟ್ಟಕ್ಕೆ ಹೋಗುವುದು, ಮುಂಗಾರಿನ ಹೊತ್ತಿಗೆ ಊರಿಗೆ ಮರಳಿ ಉಳುವುದು, ಇದು ಆರಂಭದ ಕ್ರಮ. ಬರ ಬಂದಾಗ ಮರಳಲು ಬಿತ್ತನೆಯ ಬೀಜವೂ ಇರಲಿಲ್ಲ, ಎತ್ತೂ ಇರಲಿಲ್ಲ. ಹೀಗೆ ಸುಗ್ಗಿಯ ದಾರಿಯೇ ವಲಸೆಯ ದಾರಿಯಾಯಿತು. ಹೊಸ ನೆಲದಲ್ಲಿ ಚಳಿಜ್ವರವನ್ನು ತಾಳಿಕೊಂಡು ಉಳಿದವರು ಮೊದಲು ಕೂಲಿಗಳಾಗಿ, ಆಮೇಲೆ ಗೇಣಿದಾರರಾಗಿ, ಅನುಕೂಲ ಕೂಡಿಬಂದ ಕೆಲವರು ಕೊನೆಗೆ ಹಿಡುವಳಿದಾರರಾಗಿ ನೆಲೆಗೊಂಡರು.

ಕೊಡಗಿನ ಜನಸಂಖ್ಯೆ ೧೮೭೧ರಲ್ಲಿ ೧,೬೮,೩೧೨, ೧೮೮೧ರಲ್ಲಿ ೧,೭೮,೩೦೨. ಮೈಸೂರು ಇಳಿದ ಹತ್ತು ವರ್ಷಗಳಲ್ಲಿಯೇ ಕೊಡಗು ಏರಿತು. ಆದರೆ ಈ ಏರಿಕೆಯನ್ನೆಲ್ಲ ನೆಲೆನಿಂತ ಒಕ್ಕಲುಗಳೆಂದು ಎಣಿಸಲಾಗದು. ೧೮೮೧ರ ಗಣತಿ ನಡೆದದ್ದು ಫೆಬ್ರವರಿ ೧೭ರಂದು. ತೋಟದ ಕೆಲಸಕ್ಕೆ ಬಂದವರು ಇನ್ನೂ ಊರಿಗೆ ಹಿಂದಿರುಗದ ಕಾಲವದು. ಬಂದುಹೋಗುವವನನ್ನೂ ಬಂದು ನೆಲಸಿದವನನ್ನೂ ಗಣತಿ ಒಟ್ಟಿಗೆ ಎಣಿಸಿತು.

ಇನ್ನು ಆಧಾರಗಳ ವಿಚಾರ. ಮೊದಲನೆಯದು ಭೂಮಿಯ ಲೆಕ್ಕ. ಮೈಸೂರಿನಲ್ಲಿ ೧೮೬೩ರ ಸುಮಾರಿಗೆ ಮುಂಬಯಿ ಪದ್ಧತಿಯ ರೆವಿನ್ಯೂ ಸರ್ವೆ ಆರಂಭವಾಯಿತು. ಆ ಪದ್ಧತಿಯಲ್ಲಿ ರೈತನು ಹಿಡುವಳಿಯನ್ನು ಬಿಡುವಾಗ ಬರೆದುಕೊಡುವ ಪತ್ರಕ್ಕೆ ರಾಜೀನಾಮೆಯೆಂದೂ, ಹೊಸಬನು ಅದನ್ನು ಒಪ್ಪಿಕೊಳ್ಳುವ ಪತ್ರಕ್ಕೆ ಕಬೂಲಾಯತೆಂದೂ ಹೆಸರು. ಇಂದು ಅಧಿಕಾರ ಬಿಡುವವರಿಗೆ ಸಲ್ಲುವ ಮಾತು ಅಂದು ಹೊಲ ಬಿಡುವವನದಾಗಿತ್ತು. ಒಂದು ಸರ್ವೆ ನಂಬರಿನ ಮುಂದೆ ಒಂದು ಹೆಸರು ನಿಂತು, ಅದರ ಮಗನಲ್ಲದ ಬೇರೊಂದು ಹೆಸರು ಮೊದಲಾದರೆ, ಅಲ್ಲಿ ಒಂದು ಮನೆತನ ಹೊರಟುಹೋಗಿರುವ ಸಂಭವವುಂಟು. ಕ್ರಯವಾಗಿದ್ದರೂ ಹೆಸರು ಬದಲಾಗುವುದರಿಂದ ಇದೊಂದನ್ನೇ ನಂಬುವಂತಿಲ್ಲ. ಸರ್ವೆಯು ಒಂದೊಂದೇ ತಾಲ್ಲೂಕಾಗಿ ದಶಕಗಳ ಕಾಲ ನಡೆದುದರಿಂದ, ದಾಖಲೆ ಬರಕ್ಕೆ ಮೊದಲಿನದೋ ನಂತರದ್ದೋ ಎಂಬುದನ್ನೂ ನೋಡಿಕೊಳ್ಳಬೇಕು. ಹಳೆಯ ಕಾಗದಗಳಲ್ಲಿ ಕನಕಪುರವನ್ನು ಹುಡುಕಿದರೆ ಸಿಕ್ಕದು. ಅಲ್ಲಿರುವುದು ಕಂಕಾನಹಳ್ಳಿ, ಬೆಂಗಳೂರು ಜಿಲ್ಲೆ. ರಾಮನಗರವು ಅಲ್ಲಿ ಕ್ಲೋಸ್‌ಪೇಟೆ. ೨೦೦೭ರಲ್ಲಿ ರಾಮನಗರ ಜಿಲ್ಲೆಯಾಗಿ ೨೦೨೫ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಪಡೆದ ಈ ಸೀಮೆಯ ಹುಡುಕಾಟದಲ್ಲಿ ಇದು ಮೊದಲ ಪಾಠ.

ಎರಡನೆಯದು ಹೆಸರು. ಹಳೆಯ ಮೈಸೂರಿನಲ್ಲಿ ವ್ಯಕ್ತಿಯ ಹೆಸರಿಗೆ ಮೊದಲು ಊರಿನ ಅಕ್ಷರ, ಆಮೇಲೆ ತಂದೆಯ ಅಕ್ಷರ ಬರುವುದು ವಾಡಿಕೆ. ಮಲೆನಾಡಿನಲ್ಲಿ ನಾಲ್ಕು ತಲೆಮಾರು ಬಾಳಿದವರ ಹೆಸರಿನ ಮುಂದೆಯೂ ಬಯಲಿನ ಊರಿನ ಅಕ್ಷರ ನಿಂತಿರಬಹುದು. ಆದರೆ ಊರಿನ ಹೆಸರು ಸಿಕ್ಕೊಡನೆ ಹಿಗ್ಗಬಾರದು. ಸಾತನೂರು ಎಂಬ ಹೆಸರಿನ ಊರು ಮಂಡ್ಯದ ಬಳಿಯೂ ಇದೆ, ಬೆಂಗಳೂರಿನ ಉತ್ತರಕ್ಕೆ ಬಾಗಲೂರಿನ ಬಳಿಯೂ ಇದೆ. ‘ಸಾತನೂರಿನವರು’ ಎಂಬ ಮನೆತನ ಯಾವ ಸಾತನೂರಿನದೆಂಬುದನ್ನು ಬೇರೆ ಆಧಾರವೇ ತೀರ್ಮಾನಿಸಬೇಕು.

ಮೂರನೆಯದು ಹೆಳವರ ವಂಶಾವಳಿ. ಹೆಳವನೆಂದರೆ ನಡೆಯಲಾರದವನು. ಒಕ್ಕಲು ಮನೆಯ ಅಣ್ಣತಮ್ಮಂದಿರಲ್ಲಿ ಕಾಲಿಲ್ಲದ ಒಬ್ಬನಿಗೆ ಉಳಿದವರು ತಮ್ಮ ಸಂತತಿಯವರಿಂದ ಪಡಿ ಪಡೆದು ಬಾಳುವ ಹಕ್ಕನ್ನು ವಿಧಿಸಿದರೆಂಬುದು ಅವರ ಉತ್ಪತ್ತಿಯ ಕಥೆಗಳಲ್ಲೊಂದು. ಗಂಟೆ ಕಟ್ಟಿದ ಎತ್ತಿನ ಮೇಲೆ ಬಂದು, ಮನೆಯ ಮುಂದೆ ನಿಂತು, ಮೂಲಪುರುಷನಿಂದ ಹಿಡಿದು ತೊಟ್ಟಿಲ ಮಗುವಿನವರೆಗೆ ಹೆಸರು ಹೇಳಿ ಕಾಳು ಬಟ್ಟೆ ಪಡೆಯುವುದು ಅವರ ವೃತ್ತಿ. ಯಾವ ಊರಿನಿಂದ ಬಂದರು, ಬರದಿಂದಲೋ ದಾಯಾದಿಗಳ ಜಗಳದಿಂದಲೋ, ಅಣ್ಣನೆಲ್ಲಿ ನಿಂತ, ತಮ್ಮನೆಲ್ಲಿಗೆ ಹೋದ ಎಂಬ ವಿವರ ಅವರ ಹೇಳಿಕೆಯಲ್ಲಿರುತ್ತದೆ. ಹೊರಡುವ ಕಾರಣವನ್ನು ಸರ್ಕಾರದ ದಫ್ತರ ಬರೆಯುವುದಿಲ್ಲ. ಹೆಳವರ ಕಡತ ಬರೆಯುತ್ತದೆ. ಹೊಗಳಿಕೆಗೆ ದಾನವುಂಟಾದುದರಿಂದ ಮೂಲಪುರುಷರ ಭಾಗದಲ್ಲಿ ಅತಿಶಯೋಕ್ತಿ ಸೇರುವುದುಂಟು. ಆದರೆ ಹತ್ತಿರದ ಐದಾರು ತಲೆಮಾರುಗಳಲ್ಲಿ ತಪ್ಪಿದರೆ ಕೇಳುವ ಮನೆಯವರೇ ತಿದ್ದುತ್ತಾರೆ. ಹತ್ತೊಂಬತ್ತನೆಯ ಶತಮಾನ ಬೀಳುವುದು ಈ ಹತ್ತಿರದ ಭಾಗದಲ್ಲಿಯೇ.

ನಾಲ್ಕನೆಯದು ಮನೆದೇವರು ಮತ್ತು ಗುರುಮನೆ. ಒಕ್ಕಲು ಊರು ಬಿಟ್ಟರೂ ದೇವರನ್ನು ಬಿಡದು. ಶಿವರಾತ್ರಿಯಲ್ಲಿ ಈ ಸೀಮೆಯ ಜನ ಸಂಗಮದ ಕಡೆಯಿಂದ ಕಾವೇರಿಯನ್ನು ದಾಟಿ ಮಲೆಯ ಮಹದೇಶ್ವರನೆಡೆಗೆ ಕಾಲ್ನಡೆಯಲ್ಲಿ ಸಾಗುವುದು ಪ್ರಸಿದ್ಧವಷ್ಟೆ. ಪಡುವಣದ ತೋಟದ ಸೀಮೆಯ ಮನೆಯೊಂದು ಹತ್ತಿರದ ದೇವರುಗಳಿರಲು ಮೂಡಣ ಬೆಟ್ಟದ ಮಾದಪ್ಪನಿಗೆ ಮುಡಿಪು ಕಟ್ಟುತ್ತಿದ್ದರೆ, ಕಬ್ಬಾಳಮ್ಮನಿಗೆ ಹರಕೆ ಹೊತ್ತಿದ್ದರೆ, ಅದು ಹಿಂದಿರುಗಿ ನೋಡುವ ದಿಕ್ಕೇ ಅದು ಬಂದ ದಿಕ್ಕು. ವೀರಶೈವ ಮನೆಗಳಲ್ಲಿ ದೀಕ್ಷೆ ಕೊಡುವ ಗುರುಮನೆ ಯಾವುದೆಂಬುದೂ ಇಂತಹ ಗುರುತು. ಹಿರಿಯರನ್ನು ಸಮಾಧಿ ಮಾಡಿದ ಹೊಲದ ಮೂಲೆ ಎಲ್ಲಿಂದ ಮೊದಲಾಗುತ್ತದೆಂಬುದು ಮತ್ತೊಂದು. ಅಜ್ಜನ ಸಮಾಧಿ ಹೊಸ ಊರಿನಲ್ಲಿದ್ದು ಮುತ್ತಜ್ಜನದು ಇಲ್ಲದಿದ್ದರೆ, ಬಂದ ಕಾಲ ತಾನಾಗಿಯೇ ತಿಳಿಯುತ್ತದೆ.

ಆದರೆ ಇಲ್ಲಿ ಆತುರ ಸಲ್ಲದು. ಕೊಡಗನ್ನಾಳಿದ ಹಾಲೇರಿ ಅರಸರು ಸ್ವತಃ ವೀರಶೈವರು. ಅರಮೇರಿಯ ಕಳಂಚೇರಿ ಮಠ, ಕೊಡ್ಲಿಪೇಟೆಯ ಕಿರಿಕೊಡ್ಲಿ ಮಠ ಮೊದಲಾದವು ಅಲ್ಲಿಯ ವೀರಶೈವ ಪರಂಪರೆಗೆ ಸಾಕ್ಷಿಯಾಗಿವೆ. ಕೊಡಗಿನ ಲಿಂಗವಂತ ಮನೆಗಳನ್ನೆಲ್ಲ ಕಾಫಿಯ ಕಾಲದ ವಲಸೆಯವೆಂದು ತಿಳಿಯುವುದು ಇತಿಹಾಸಕ್ಕೆ ವಿರುದ್ಧ. ಮಾದಪ್ಪನ ಭಕ್ತಿಯೂ ಕಂಸಾಳೆಯ ಗುಡ್ಡರ ಮೂಲಕ ದೂರದವರೆಗೆ ಹಬ್ಬಿದುದರಿಂದ ಹರಕೆಯೊಂದೇ ಪ್ರಮಾಣವಲ್ಲ. ನಾಲ್ಕು ಆಧಾರಗಳಲ್ಲಿ ಎರಡಾದರೂ ಒಂದೇ ಊರನ್ನು ತೋರಿಸಿದಾಗ ಮಾತ್ರ ಸಂಬಂಧವನ್ನು ಸಂಭಾವ್ಯವೆನ್ನಬಹುದು. ಮೂರು ಕೂಡಿದರೆ ನಿಶ್ಚಯದ ಹತ್ತಿರ ಬಂದಂತೆ.

ಕುಲವನ್ನು ಹುಡುಕುವುದು ಶರಣರ ಮಾರ್ಗಕ್ಕೆ ಒಪ್ಪುವುದೇ ಎಂಬ ಪ್ರಶ್ನೆ ವಚನಗಳನ್ನು ಬಲ್ಲವರಲ್ಲಿ ಏಳುವುದು ಸಹಜ. ಹುಟ್ಟಿನಿಂದ ಹಿರಿಮೆ ಬಾರದೆಂಬುದು ಅವರ ನಿಲುವು. ಆದರೆ ಬಂದ ನಾಡನ್ನು ಮರೆಸುವುದು ಅವರ ಉದ್ದೇಶವಾಗಿರಲಿಲ್ಲ. ಆದಯ್ಯನು ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದನು, ಮೋಳಿಗೆಯ ಮಾರಯ್ಯನು ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದನು ಎಂಬುದನ್ನು ಪರಂಪರೆ ಜೋಪಾನವಾಗಿ ನೆನಪಿಟ್ಟಿದೆ. ಕಲ್ಯಾಣ ಚೆದುರಿದಾಗ ಚನ್ನಬಸವಣ್ಣನವರ ಬಳಗ ನಡೆದದ್ದೂ ಪಡುವಣಕ್ಕೆ, ಉಳವಿಯ ಕಾಡಿಗೆ. ಬೇಸಾಯವನ್ನೇ ಕಾಯಕವಾಗಿ ನಡೆಸಿದ ಒಕ್ಕಲಿಗ ಮುದ್ದಣ್ಣನು ವಚನಕಾರರ ಸಾಲಿನಲ್ಲಿದ್ದಾನೆ. ಕುಲದ ಹೆಮ್ಮೆಗಾಗಿ ಹುಡುಕುವುದು ಬೇರೆ, ದುಡಿದ ಕೈಗಳನ್ನು ನೆನೆಯಲು ಹುಡುಕುವುದು ಬೇರೆ. ಅರಸನ ಸಂತತಿಯೆಂದು ಹೇಳಿಕೊಳ್ಳುವ ಆಸೆಯಿಂದ ಹೊರಟವನಿಗೆ ಹಸಿದು ಹೊರಟ ಹಿರಿಯನು ಕಾಣಿಸಿಕೊಳ್ಳುವುದಿಲ್ಲ.

ಹೆಳವರ ಮಕ್ಕಳು ಬೇರೆ ಬೇರೆ ಕಸುಬುಗಳನ್ನು ಹಿಡಿದಿದ್ದಾರೆ, ಅದು ತಪ್ಪಲ್ಲ. ಎತ್ತಿನ ಗಂಟೆಯ ಸದ್ದು ಅಪರೂಪವಾಗುತ್ತಿರುವ ಈ ಹೊತ್ತಿನಲ್ಲಿ ಪ್ರತಿಯೊಂದು ಮನೆಯವರೂ ಮಾಡಬಹುದಾದ ಕೆಲಸವೊಂದಿದೆ. ಮನೆದೇವರು, ಗುರುಮನೆ, ಹಿರಿಯರ ಸಮಾಧಿಯ ಸ್ಥಳ, ಹೆಳವನು ಹೇಳಿದ ಮೂಲದ ಊರು, ಹೆಣ್ಣು ಕೊಟ್ಟು ತಂದ ಊರುಗಳು, ಇವಿಷ್ಟನ್ನು ಮನೆಯ ಹಿರಿಯರಿಂದ ಕೇಳಿ ಒಂದು ಹಾಳೆಯಲ್ಲಿ ಬರೆದಿಡುವುದು. ಘಟ್ಟದ ಕಡೆಯ ಹಾಳೆಯೂ ಬಯಲಿನ ಕಡೆಯ ಹಾಳೆಯೂ ಎಂದಾದರೂ ಒಂದೆಡೆ ಸೇರಿದರೆ, ಧಾತು ವರ್ಷದ ಲೆಕ್ಕದಲ್ಲಿ ಅಳಿದವರೆಂದು ಸಂದುಹೋದ ಕೆಲವು ಹೆಸರುಗಳನ್ನಾದರೂ ಬಾಳಿದವರ ಸಾಲಿಗೆ ಮರಳಿಸಬಹುದು.